ಒಂದು ಗೇಣು ಹಿಂದೆ ನೋಡುವ ಲೆನ್ಸು

ಲೆನ್ಸು ಮೊದಲು ಸಿಕ್ಕಿತೋ ಕ್ಯಾಮೆರಾ ಮೊದಲು ಬಂತೋ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಲೆನ್ಸು ಮೊದಲು ಎಂದರೆ ಕಥೆ ಚೆನ್ನಾಗಿ ಕೂಡುತ್ತದೆ: ತಾಂಡೂರಿನಲ್ಲಿ ಮುಚ್ಚಿಹೋದ ಒಂದು ಸ್ಟುಡಿಯೊದ ಗಾಜಿನ ಕಪಾಟಿನಲ್ಲಿ ಅದು ನನಗಾಗಿ ಕಾದು ಕೂತಿತ್ತು, ಅದರ ಸಲುವಾಗಿ ನಾನು ಕ್ಯಾಮೆರಾ ಹುಡುಕಿದೆ. ಅಷ್ಟು ಚೆನ್ನಾಗಿ ಕೂಡುತ್ತದೆ ಅನ್ನುವ ಕಾರಣಕ್ಕೇ ನನಗೆ ಅನುಮಾನ. ನಡೆದದ್ದು ಬಹುಶಃ ಹೀಗೆ: ಕ್ಯಾಮೆರಾ ಮೊದಲು ಬಂತು, ಕೊರಿಯರಿನಲ್ಲಿ, ಲೆನ್ಸಿಲ್ಲದೆ. ಜಪಾನಿನ ಹಳೆಯ ರೇಂಜ್‌ಫೈಂಡರ್. ಲೆನ್ಸು ಇರಬೇಕಾದ ಜಾಗದಲ್ಲಿ ಒಂದು ದುಂಡನೆಯ ತೂತು. ಜಹೀರಾಬಾದಿನ ನಮ್ಮ ಮನೆಯಲ್ಲಿ ಅವ್ವ ಅದನ್ನು ಕೈಯಲ್ಲಿ ಹಿಡಿದು ಆ ಕಡೆಯಿಂದ ಈ ಕಡೆ ನೋಡಿ, "ಇದರ ಹಲ್ಲ ಯಾರ ಕಿತ್ತಾರೋ?" ಎಂದು ಕೇಳಿದ್ದು ಮಾತ್ರ ಖಚಿತವಾಗಿ ನೆನಪಿದೆ. ಅಥವಾ ನೆನಪಿದೆ ಎಂದು ಅಂದುಕೊಂಡಿದ್ದೇನೆ.

ರೇಂಜ್‌ಫೈಂಡರಿನಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಲೆನ್ಸಿನ ಮೇಲೆ, ಪಕ್ಕದಲ್ಲಿ, ಬೇರೆಯೇ ಒಂದು ಕಿಂಡಿ ಇರುತ್ತದೆ. ಕಿಂಡಿಯ ನಡುವೆ ಹಳದಿ ಚುಕ್ಕೆ. ಆ ಚುಕ್ಕೆಯೊಳಗೆ ಎದುರಿನ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸುತ್ತಾ ಹೋದರೆ ಆ ಎರಡು ಬಿಂಬಗಳು ಹತ್ತಿರ ಸರಿದು ಒಂದರ ಮೇಲೊಂದು ಕೂಡುತ್ತವೆ. ಕೂಡಿದರೆ ದೂರ ಸರಿಯಾಗಿದೆ ಎಂದರ್ಥ. ಆದರೆ ಲೆನ್ಸು ಏನು ನೋಡುತ್ತಿದೆ ಎಂಬುದು ಕಿಂಡಿಗೆ ಗೊತ್ತಿರುವುದಿಲ್ಲ. ಕಿಂಡಿಯಲ್ಲಿ ಹತ್ತಿರದ್ದೂ ದೂರದ್ದೂ ಎಲ್ಲವೂ ಸ್ಪಷ್ಟ. ಈ ಕ್ಯಾಮೆರಾದ ಮೇಲೆ ನನಗೆ ಮನಸ್ಸಾದದ್ದೇ ಈ ಕಾರಣಕ್ಕೆ. ನೋಡಿದ್ದು ಬೇರೆ, ಉಳಿದದ್ದು ಬೇರೆ ಎಂದು ಅದು ಮೊದಲೇ ಒಪ್ಪಿಕೊಂಡಿರುತ್ತದೆ.

ಹೊಸಬರು ದೊಡ್ಡ ಹೆಸರಿನ ಲೆನ್ಸಿನ ಹಿಂದೆ ಬೀಳಬೇಕಾಗಿಲ್ಲ ಎಂದು ಇಂಟರ್‌ನೆಟ್ಟಿನಲ್ಲಿ ಬಲ್ಲವರೆಲ್ಲ ಬರೆದಿದ್ದರು. ತಿರುಪು ಹಾಕಿ ಕೂರಿಸುವ ಹಳೆಯ ಲೆನ್ಸುಗಳು ಅಗ್ಗ. ಮೊದಲಿಗೆ ಐವತ್ತು ಎಂಎಂ ಒಂದೇ ಸಾಕು. ಟಾರ್ಚು ಹಾಕಿ ಒಳಗೆ ಮಂಜು, ಜೇಡರ ಬಲೆಯಂಥ ಬೂಷ್ಟು ಇವೆಯೇ ನೋಡಿ. ಮೈಮೇಲಿನ ಗೀರುಗಳಿಗೆ ಹೆದರಬೇಡಿ. ನಾನು ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ದು ನುಣುಪು ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಆ ಸ್ಟುಡಿಯೊ. ಈಗ ಅಲ್ಲಿ ಮೊಬೈಲಿನ ಕವರು, ಚಾರ್ಜರು ಮಾರುತ್ತಾರೆ. ಹಿಂದಿನ ಗೋಡೆಯ ಮೇಲೆ ಬಣ್ಣದ ಪರದೆ ಇನ್ನೂ ಇದೆ, ಅದರ ಮೇಲಿನ ಸರೋವರದಲ್ಲಿ ಹಂಸ ಕೂಡ.

ಮಾಲೀಕರಿಗೆ ವಯಸ್ಸಾಗಿದೆ. ಊರವರೆಲ್ಲ ಚಾಚಾ ಅನ್ನುತ್ತಾರೆ, ನಾನೂ. ಕಪಾಟಿನ ಮೂಲೆಯಿಂದ ಅವರು ಅಲ್ಯೂಮಿನಿಯಂ ಮೈಯ ಒಂದು ಲೆನ್ಸನ್ನು ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಸುತ್ತಲೂ ರಷ್ಯಾದ ಅಕ್ಷರಗಳು.

"ಕ್ಯಾಮೆರಾ ಇಲ್ಲದ ಲೆನ್ಸ್ ನಂಬಲ್ಲಿ, ಲೆನ್ಸ್ ಇಲ್ಲದ ಕ್ಯಾಮೆರಾ ನಿಂಬಲ್ಲಿ," ಎಂದರು. "ಲಗ್ನಾ ಮಾಡಿಬಿಡು ತಮ್ಮಾ."

"ಒಳಗ ಮಂಜು ಅದಲ್ಲ ಚಾಚಾ?"

"ನನ್ನ ಕಣ್ಣಾಗೂ ಅದ. ಅದಕ್ಕಂತ ನನ್ನ ಮನಿಯಿಂದ ಹೊರಗ ಹಾಕ್ಯಾರೇನು?"

"ಇದನ್ನ ಯಾರರ ಬಿಚ್ಚಿದ್ರೇನು?"

"ನಾನೇ ಬಿಚ್ಚೀನಿ, ನಾನೇ ಕೂಡಿಸೀನಿ. ಒಂದು ಸಣ್ಣ ರಿಂಗ್ ಉಳೀತು. ಎಲ್ಲಿದಂತ ತಿಳೀಲಿಲ್ಲ." ಅವರು ಅಷ್ಟು ಸಲೀಸಾಗಿ ಹೇಳಿದ್ದರಿಂದ ನಾನೂ ಅಷ್ಟೇ ಸಲೀಸಾಗಿ ಕೇಳಿಸಿಕೊಂಡೆ. ಹಬ್ಬಕ್ಕೆ ಒಂದು ಜೊತೆ ಬಟ್ಟೆ ತೆಗೆದುಕೊಂಡರೆ ಆಗುವಷ್ಟು ಖರ್ಚಿನಲ್ಲಿ ಲಗ್ನ ಮುಗಿಯಿತು.

ನನ್ನ ಅವ್ವನಿಗೆ ಒಬ್ಬ ಅಕ್ಕ, ಒಬ್ಬ ತಂಗಿ. ಅಕ್ಕ ಎಂದರೆ ನನ್ನ ದೊಡ್ಡವ್ವ. ಗಂಡ ಮನೆಅಳಿಯನಾಗಿ ಬಂದದ್ದರಿಂದ ಅವಳು ನಾಗಲಗಿದ್ದದ ಕಡೆಯ ತವರುಮನೆಯಲ್ಲೇ ಉಳಿದು ಕುರಿ ಹಿಂಡು ನೋಡಿಕೊಳ್ಳುತ್ತಾಳೆ. ತಂಗಿ, ನನ್ನ ಸಣ್ಣವ್ವ, ಬಶೀರಾಬಾದಿನ ಹತ್ತಿರದ ಊರಿಗೆ ಕೊಟ್ಟವಳು. ಅವಳದು ತೊಗರಿ ಹೊಲ. ಇಬ್ಬರ ನಡುವೆ ಮಾತು ನಿಂತು ಕೆಲವು ವರ್ಷಗಳಾಗಿದ್ದವು.

ಕಾರಣ ಕಿವಿ. ಅವ್ವನ ತವರಿನಲ್ಲಿ ಹೆಣ್ಣುಮಗಳಿಗೆ ಲಗ್ನದಲ್ಲಿ ಒಂದು ಹೆಣ್ಣು ಕುರಿ ಕೊಡುವ ಪದ್ಧತಿ ಇದೆ. ಕುರಿಯನ್ನು ಅವಳು ಗಂಡನ ಮನೆಗೆ ಒಯ್ಯುವುದಿಲ್ಲ. ಅದು ಹಿಂಡಿನಲ್ಲೇ ಇದ್ದು ಅದರ ಸಂತಾನ ಅವಳ ಹೆಸರಿನಲ್ಲಿ ಬೆಳೆಯುತ್ತದೆ. ಯಾರದು ಯಾವುದು ಎಂಬುದು ಕಿವಿಯ ಮೇಲೆ ತಿಳಿಯಬೇಕು. ಮನೆಯ ಕುರಿಗಳಿಗೆ ಬಲಗಿವಿಯ ತುದಿ ನೇರವಾಗಿ ಕತ್ತರಿಸುತ್ತಾರೆ. ಸಣ್ಣವ್ವನ ಕುರಿಗಳಿಗೆ ಎಡಗಿವಿಯ ಕೆಳಅಂಚಿನಲ್ಲಿ ಒಂದು ಕಚ್ಚು. ವರ್ಷಕ್ಕೊಮ್ಮೆ, ಜೋಳದ ರಾಶಿ ಮುಗಿದ ಮೇಲೆ ಉಣ್ಣೆ ಕತ್ತರಿಸುವ ದಿನ, ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಯಾರ ಕುರಿಯೋ ಅವರೇ ಮೊದಲ ಕತ್ತರಿ ಹಾಕಬೇಕು. ಅಂಥ ಒಂದು ದಿನ ಸಣ್ಣವ್ವ ಹಟ್ಟಿಯಲ್ಲೆಲ್ಲ ಹುಡುಕಿ, ಎಡಗಿವಿಯಲ್ಲಿ ಕಚ್ಚು ಇರುವ ಒಂದು ಕುರಿಯೂ ಸಿಗದೆ, "ಬ್ಯಾನಿ ಬಂದು ಸತ್ತಾವಂತ ಹೇಳಿ ನನ್ನ ಸಂತಾನೆಲ್ಲ ನುಂಗೀದಿ" ಎಂದಳಂತೆ. ದೊಡ್ಡವ್ವ ವಿವರಿಸಬಹುದಿತ್ತು. ವಿವರಿಸುವ ಬದಲು, "ನಂಬಿಕಿ ಇಲ್ಲಂದ್ರ ನಿನ್ನ ಕುರಿ ನೀನೇ ಕಾಯಿ" ಎಂದಳಂತೆ. ಎರಡೂ 'ಅಂತೆ'ಗಳು. ನಾನು ಆಗ ಅಲ್ಲಿ ಇರಲಿಲ್ಲ. ಇದ್ದ ಅವ್ವನನ್ನು ಕೇಳಿದರೆ, "ನಾ ಹೋಳಿಗಿ ಬಡಿಲಿಕ್ಕತ್ತಿದ್ದೆ" ಅನ್ನುತ್ತಾಳೆ.

ಹೊಸ ಲೆನ್ಸು ಹಿಡಿದುಕೊಂಡು ನಾನು ನಾರಾಯಣಖೇಡದಲ್ಲಿ ಬಸ್ಸಿಳಿದು ಶೇರ್ ಆಟೋದಲ್ಲಿ ದೊಡ್ಡವ್ವನ ಊರಿಗೆ ಹೋದೆ. ಫೋಟೋ ಎಂದ ಕೂಡಲೇ ಅವಳ ಮುಖದಲ್ಲಿ ಒಂದು ಲೆಕ್ಕಾಚಾರ ಕಂಡಿತು.

"ಚಂದಂದು ಒಂದು ತೆಗಿ. ಕಟ್ಟು ಹಾಕಿಸಿ ಆಕೀಗಿ ಕೊಟ್ಟು ಬಾ."

"ಯಾರಿಗಿ?"

"ಮತ್ತ್ಯಾರಿಗಿ? ನಿಮ್ಮ ಸಣ್ಣವ್ವಗ. ಈ ಸಲ ಉಣ್ಣಿ ಕತ್ತರಸೂ ದಿನ ಆಕಿ ಬರಬೇಕು."

"ಫೋನ್ ಮಾಡಿ ಬಾ ಅನ್ನು. ಮುಗೀತು."

"ನಾ ಯಾಕ ಫೋನ್ ಮಾಡ್ಲಿ? ನಾ ದೊಡ್ಡಾಕಿ. ನನ್ನ ಮಾರಿ ಗ್ವಾಡಿ ಮ್ಯಾಲ ನೋಡಿ ನೋಡಿ ಆಕೀಗೇ ನಾಚಿಕಿ ಬರ್ಲಿ."

"ಮೊಬೈಲ್ದಾಗ ತೆಗದು ಈಗೇ ಕಳಸ್ಲೇನು?"

"ಅದು ಬ್ಯಾಡ. ಅದನ್ನ ಒಂದ ಬೆರಳಿಲೇ ಒರಸಿ ಹಾಕ್ತಾಳ."

ಅವಳು ಇಳಕಲ್ ಸೀರೆ ಉಟ್ಟು ಬಂದಳು. ನಾನು ಒಂದು ರೀಲು ಪೂರ್ತಿ ತೆಗೆದೆ. ಕಿಂಡಿಯಲ್ಲಿ ಅವಳ ಮೂಗುತಿ ಎರಡಾಗಿ ಕಂಡು ಒಂದಾಗುವುದನ್ನು ನೋಡುವುದೇ ಒಂದು ಸುಖ. ಜಹೀರಾಬಾದಿಗೆ ಬಂದು ಬಚ್ಚಲಲ್ಲಿ ಕೂತು ರೀಲು ತೊಳೆದರೆ ಪೂರ್ತಿ ಬೋಳು. ಒಂದು ಗೆರೆ ಕೂಡ ಇಲ್ಲ. ಲೆನ್ಸಿನ ಮುಚ್ಚಳ ತೆಗೆದೇ ಇರಲಿಲ್ಲ. ಕಿಂಡಿಗೆ ಮುಚ್ಚಳದ ಸುದ್ದಿಯೇ ಗೊತ್ತಿರುವುದಿಲ್ಲವಲ್ಲ.

ಫೋನಿನಲ್ಲಿ ಹೇಳಿದಾಗ ದೊಡ್ಡವ್ವ, "ಕರೀ ಮುಚ್ಚಳಾ? ನಾ ನೋಡಿದ್ದೆ," ಎಂದಳು.

"ಮತ್ತ ಹೇಳಬಾರ್ದೇನು?"

"ಪ್ಯಾಟಿ ನಮೂನಿ ಇರಬೇಕಂತ ಸುಮ್ನಿದ್ದೆ. ನಿನ್ನ ಕ್ಯಾಮೆರಾ ನನಗೇನ ಗೊತ್ತಲೇ?"

ಎರಡನೆಯ ಸಲ ಹೋದಾಗ ಸಂಜೆ. ಹಿಂಡು ಬಂದು ಹಟ್ಟಿ ಸೇರುತ್ತಿತ್ತು. ಬೆಳಕು ಕಡಿಮೆಯಾಗಿದ್ದರಿಂದ ಲೆನ್ಸಿನ ಬಾಯಿ ಪೂರ್ತಿ ತೆರೆದೆ. ಇಂಥ ಲೆನ್ಸು ಬಾಯಿ ಕಿರಿದು ಮಾಡಿಕೊಂಡಾಗ ಗಂಭೀರ, ತಪ್ಪಿದ್ದರೂ ಮುಚ್ಚಿಡುತ್ತದೆ. ಪೂರ್ತಿ ತೆರೆದಾಗ ಅದರ ಸ್ವಭಾವ ಹೊರಬೀಳುತ್ತದೆ. ದೊಡ್ಡವ್ವ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದಳು. ಕರಿಯ ಕುರಿಯೊಂದು ಹಿಂದಿನಿಂದ ಬಂದು ಅವಳ ಭುಜದ ಪಕ್ಕ ಮೂತಿ ಇಟ್ಟಿತು.

ಇಲ್ಲಿ ನನ್ನ ನೆನಪು ಎರಡಾಗಿ ಕಾಣುತ್ತದೆ. ಒಂದರಲ್ಲಿ ದೊಡ್ಡವ್ವ ನಾಲಿಗೆಯಿಂದ ಸದ್ದು ಮಾಡಿ ಆ ಕುರಿಯನ್ನೇ ಆರಿಸಿ ಕರೆದಳು. ಇನ್ನೊಂದರಲ್ಲಿ ಕುರಿ ತಾನಾಗಿಯೇ ಬಂತು, ಅವಳು ಅದನ್ನು ನೂಕಿದಳು. ಅದಕ್ಕೂ ಮುಂಚಿನ ಕ್ಷಣದ ನೆಗೆಟಿವ್ ನನ್ನ ಹತ್ತಿರ ಇದೆ. ಅದರಲ್ಲಿ ಅವಳ ಕೈ ಹಿಂದಕ್ಕೆ ಚಾಚಿದೆ. ಕರೆಯುವ ಕೈಯೋ ನೂಕುವ ಕೈಯೋ ಹೇಳಲು ಬರುವುದಿಲ್ಲ. ಎಷ್ಟು ಉಂಗುರ ತಿರುಗಿಸಿದರೂ ಈ ಎರಡು ಬಿಂಬಗಳು ಕೂಡಿಲ್ಲ. ಕೂಡಿಸುವುದನ್ನು ಈಗ ಬಿಟ್ಟಿದ್ದೇನೆ.

ಈ ಸಲ ರೀಲಿನಲ್ಲಿ ಚಿತ್ರಗಳಿದ್ದವು. ಕುರಿ ಮೂತಿಯಿಟ್ಟದ್ದನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ದೊಡ್ಡವ್ವನಿಗೆ ಒಯ್ದು ಕೊಟ್ಟೆ. ಅವಳು ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

"ಇದೇನೋ? ಸತ್ತವರ ಫೋಟೋ ಮಾಡೀದಿ."

ಅವಳು ಹೇಳಿದ್ದರಲ್ಲಿ ಅರ್ಥವಿತ್ತು. ನಮ್ಮ ಕಡೆ ಗೋಡೆಯ ಮೇಲೆ ಕಪ್ಪುಬಿಳುಪಾಗಿ ಇರುವವರು ತೀರಿಕೊಂಡವರು ಮಾತ್ರ. ಜೊತೆಗೆ ಲೆನ್ಸಿನೊಳಗಿನ ಮಂಜು ಅವಳ ತಲೆಯ ಸುತ್ತ ಬೆಳಕಿನ ಹೊಗೆಯನ್ನು ಹಬ್ಬಿಸಿತ್ತು. ಮುಖ ಮೆತ್ತಗಾಗಿ ಕರಗಿತ್ತು.

"ಊದಿನಕಡ್ಡಿ ಹಚ್ಚಿ ಮಾಲಿ ಹಾಕೂದೊಂದ ಬಾಕಿ. ಇದನ್ನ ನೋಡಿದ್ರ ಆಕಿ ಬರ್ತಾಳ, ಖರೇ. ನನ್ನ ದಿನಾ-ಕರ್ಮಾ ಮಾಡಾಕ ಬರ್ತಾಳ!"

"ಹಳೀ ಲೆನ್ಸ್ ದೊಡ್ಡವ್ವ. ಹಿಂಗ ಮೆತ್ತಗ ಬರೂದಕ್ಕೇ ಮಂದಿ ಇದನ್ನ ಹುಡಕ್ತಾರ."

"ಹುಡಕವರಿಗೇ ಕೊಡು. ನನಗ ಬ್ಯಾರೇದು ತೆಗಿ. ಮಾರಿ ಸಾಫ್ ಇರಬೇಕು."

ಮಂದಿ ಹುಡುಕುತ್ತಾರೆ ಎಂದು ನಾನು ಹೇಳಿದ್ದು ನಿಜ, ಆದರೆ ಆ ಮೆಚ್ಚುಗೆ ನನಗೂ ಪೂರ್ತಿ ಒಗ್ಗುವುದಿಲ್ಲ. ಈ ಲೆನ್ಸುಗಳನ್ನು ಹೊಗಳುವವರು 'ನೆನಪಿನಂತೆ ಕಾಣುತ್ತದೆ' ಎಂದು ಬರೆಯುತ್ತಾರೆ. ಮೊನ್ನೆ ಸಂಜೆಯ ಹಟ್ಟಿ, ಮೊನ್ನೆಯ ಧೂಳು. ಅದಕ್ಕೆ ಇಷ್ಟು ಬೇಗ ಹಳೆಯದರ ವೇಷ ಯಾಕೆ? ನನ್ನ ನೆನಪಂತೂ ಮೆತ್ತಗಿಲ್ಲ. ಅದರಲ್ಲಿ ಬೇಡವಾದ ಒಂದು ಮೂಲೆ ಚೂಪಾಗಿರುತ್ತದೆ, ಬೇಕಾದ ಮುಖ ಮಸುಕಾಗಿರುತ್ತದೆ. ಹೀಗೆ ಯೋಚಿಸುತ್ತಾ ಆ ಪ್ರಿಂಟನ್ನು ಮತ್ತೆ ನೋಡಿದಾಗ ಹೊಳೆಯಿತು: ಚಿತ್ರ ಪೂರ್ತಿ ಮೆತ್ತಗಿರಲಿಲ್ಲ. ಕುರಿಯ ಕಿವಿಯ ಕೂದಲು ಒಂದೊಂದಾಗಿ ಕಾಣುತ್ತಿತ್ತು. ಲೆನ್ಸು ಮಸುಕಾಗಿ ನೋಡಿರಲಿಲ್ಲ. ಬೇರೆ ಕಡೆ ನೋಡಿತ್ತು.

ಮರುದಿನ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿದೆ. ಅಂಗಳದಲ್ಲಿ ಪರಸಿ ಕಲ್ಲುಗಳನ್ನು ಅಂಚಿನ ಮೇಲೆ ಸಾಲಾಗಿ ಒರಗಿಸಿ ನಿಲ್ಲಿಸಿರುತ್ತಾರೆ, ಪ್ರತಿಯೊಂದರ ಮೇಲೂ ಸೀಮೆಸುಣ್ಣದ ನಂಬರು. ಸಾಲಿನ ಒಂದು ತುದಿಗೆ ಓರೆಯಾಗಿ ನಿಂತು ನಡುವಿನ ಒಂದು ಕಲ್ಲಿನ ಮೇಲೆ ಬಿಂಬ ಕೂಡಿಸಿ ತೆಗೆದೆ. ತೊಳೆದು ನೋಡಿದರೆ ಆ ಕಲ್ಲಿನ ನಂಬರು ಮಸುಕು. ಅದರ ಹಿಂದಿನ ಕೆಲವು ಕಲ್ಲು ದಾಟಿ, ಒಂದು ಗೇಣು ಆಚೆ, ಸೀಮೆಸುಣ್ಣದ ಪುಡಿ ಕೂಡ ಎಣಿಸುವಂತಿತ್ತು. ರಷ್ಯಾದ ಲೆನ್ಸುಗಳು ಇಂಥ ಕ್ಯಾಮೆರಾದ ಮೇಲೆ ಹತ್ತಿರದ ವಸ್ತುವಿಗೆ ತುಸು ಹಿಂದೆ ನೋಡುತ್ತವೆ ಎಂದು ಬಲ್ಲವರು ಬರೆದಿದ್ದರು. ಚಾಚಾನ ಕಪಾಟಿನಲ್ಲಿ ಉಳಿದ ಆ ಸಣ್ಣ ರಿಂಗು ಆ ತುಸುವನ್ನು ಒಂದು ಗೇಣು ಮಾಡಿತ್ತು.

ನಾನು ಹಿಗ್ಗಿದೆ. ಹೇಳಿದರೆ ಹುಚ್ಚು ಅನ್ನಬೇಕು, ಆದರೆ ಹೊಸ ಲೆನ್ಸು ನನಗೆ ಇಷ್ಟು ಸಂತೋಷ ಕೊಡುತ್ತಿರಲಿಲ್ಲ. ಇದರ ತಪ್ಪು ಪ್ರಾಮಾಣಿಕವಾಗಿತ್ತು. ಪ್ರತಿ ಸಲವೂ ಅದೇ ದಿಕ್ಕಿಗೆ, ಅಷ್ಟೇ ದೂರಕ್ಕೆ. ಬಿಂಬ ಕೂಡಿಸಿದ ಮೇಲೆ ನಾನೇ ಒಂದು ಗೇಣು ಹಿಂದಕ್ಕೆ ವಾಲಿದರೆ ಸಾಕು. ಅಗ್ಗದ ಲೆನ್ಸು ಕೊಳ್ಳುವ ಹೊಸಬರಿಗೆ ನನ್ನ ಕಡೆಯಿಂದ ಹೇಳಬಹುದಾದ ಮಾತು ಇದೊಂದೇ: ಅದನ್ನು ರಿಪೇರಿಗೆ ಕೊಡುವ ಮುಂಚೆ ಅದು ಎಲ್ಲಿ ನೋಡುತ್ತಿದೆ ಎಂದು ಕೇಳಿ.

ಆ ವಾರ ಕಾರ್ಖಾನೆಯ ಕೆಲಸದ ಮೇಲೆ ಬಶೀರಾಬಾದಿಗೆ ಹೋಗಬೇಕಾಯಿತು. ಮುಗಿಸಿ ಸಣ್ಣವ್ವನ ಮನೆಗೆ ಹೋದೆ. ಪ್ರಿಂಟು ಚೀಲದಲ್ಲೇ ಇತ್ತು. ತೋರಿಸಬಾರದು ಎಂದುಕೊಂಡಿದ್ದೆ, ಸಾಫ್ ಇರುವ ಇನ್ನೊಂದು ತೆಗೆದ ಮೇಲೆ ಕೊಡುವುದೆಂದು. ಸಣ್ಣವ್ವ ತೊಗರಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡದೆ, "ಚೀಲದಾಗ ಏನದ? ಪ್ಯಾಟಿಂದ ನನಗೇನೂ ತಂದಿಲ್ಲೇನು?" ಎಂದಳು. ನಾನು ಲೆನ್ಸಿನ ಕಥೆ ಹೇಳುತ್ತಾ, ತಪ್ಪಿನ ನಮೂನೆ ಎಂದು, ಪ್ರಿಂಟನ್ನು ತೆಗೆದೆ.

ಅವಳು ಮೊದಲು ಮುಖವನ್ನೇ ನೋಡಿದಳು. ಮೊರ ಕೆಳಗೆ ಬಂತು.

"ಅಕ್ಕಗ ಏನಾಗ್ಯಾದ?"

"ಏನೂ ಆಗಿಲ್ಲ. ಗಟ್ಟಿ ಅದಾಳ. ಲೆನ್ಸ್ ಖರಾಬ್ ಅದ ಅಂತ ಹೇಳಿದ್ನಲ್ಲಾ."

"ನಿನ್ನ ಲೆನ್ಸಿಗಿ ಬೆಂಕಿ ಹಚ್ಚು."

ಆಮೇಲೆ ಅವಳು ಪ್ರಿಂಟನ್ನು ಬಾಗಿಲಿನ ಬೆಳಕಿಗೆ ಒಯ್ದಳು. ಮುಖದಲ್ಲಿ ನೋಡಲು ಏನೂ ಸಿಗದಿದ್ದರೆ ಕಣ್ಣು ಸ್ಪಷ್ಟವಾದದ್ದನ್ನು ಹುಡುಕುತ್ತದೆ. ಅವಳ ಬೆರಳು ಕುರಿಯ ಕಿವಿಯ ಮೇಲೆ ನಿಂತಿತು. ಎಡಗಿವಿ. ಕೆಳಅಂಚಿನಲ್ಲಿ ಕಚ್ಚು. ಅಷ್ಟು ದಿನ ಪ್ರಿಂಟು ನನ್ನ ಹತ್ತಿರವೇ ಇತ್ತು; ಕೂದಲು ನೋಡಿದ್ದೆ, ಕಚ್ಚು ನೋಡಿರಲಿಲ್ಲ.

"ಇದು ಎಂದಿಂದು?"

"ಹೋದ ವಾರದ್ದು."

"ಕುರಿ ಎಷ್ಟು ವಯಸ್ಸಿಂದು?"

"ನನಗೇನ ಗೊತ್ತು ಸಣ್ಣವ್ವ? ಎಳೇದು ಕಾಣ್ತದ."

"ಎಳೇದೇ. ಮೂತಿ ನೋಡಿದ್ರ ತಿಳೀತದ." ಬೆರಳು ಮಡಚಿ ವರ್ಷ ಎಣಿಸಿದಳು. "ಅಂದ್ರ ನಾ ಬೈದು ಬಂದ ಮ್ಯಾಲ ಹುಟ್ಟಿದ್ದು. ಗುರ್ತು ಹಾಕದ ಎಳೇ ಮರಿ ಯಾವ್ದೋ ಒಂದು ಉಳದಿತ್ತು. ಅದರ ಮರೀಗಿ ನನ್ನ ಗುರ್ತೇ ಹಾಕ್ಯಾಳ." ಮತ್ತೆ ಮೊರ ಎತ್ತಿಕೊಂಡಳು. "ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ಆಕೀಗಿ? ಮೂಕಿ ಆಗಿದ್ಳೇನು?"

"ನೀ ಕೇಳಬೇಕಿತ್ತು."

"ನಾ ಯಾಕ ಕೇಳ್ಲಿ? ನಾ ಸಣ್ಣಾಕಿ."

ಪ್ರಿಂಟನ್ನು ಅವಳು ವಾಪಸು ಕೊಡಲಿಲ್ಲ.

ಉಣ್ಣೆ ಕತ್ತರಿಸುವ ದಿನ ನಾನು ಅವ್ವನನ್ನು ಕರೆದುಕೊಂಡು ಬೇಗ ಹೋಗಿದ್ದೆ. ಹಿಂದಿನ ದಿನ ಕೆರೆಯಲ್ಲಿ ಮೈ ತೊಳೆದ ಕುರಿಗಳು ಹಟ್ಟಿಯಲ್ಲಿ ಒತ್ತೊತ್ತಾಗಿ ನಿಂತಿದ್ದವು. ದೊಡ್ಡವ್ವ ಯಾರ ದಾರಿಯನ್ನೂ ನೋಡದವಳಂತೆ ದಾರಿಗೆ ಬೆನ್ನು ಹಾಕಿ ಕೂತು ಕತ್ತರಿ ಮಸೆಯುತ್ತಿದ್ದಳು. ಆಟೋ ನಿಂತ ಸದ್ದಾದಾಗಲೂ ತಿರುಗಲಿಲ್ಲ. ಸಣ್ಣವ್ವ ಇಳಿದು, ಅಕ್ಕನನ್ನು ದಾಟಿ, ನೇರ ಹಿಂಡಿನೊಳಗೆ ಹೋಗಿ, ಆ ಕರಿಯ ಕುರಿಯನ್ನು ಎಡಗಿವಿ ಹಿಡಿದು ಹೊರಗೆ ತಂದಳು.

"ಕತ್ತರಿ ಕೊಡು."

"ಕೈ ತೊಳಕೋ ಮೊದಲು," ಎಂದಳು ದೊಡ್ಡವ್ವ. "ಹಾದ್ಯಾಗಿನ ಧೂಳು."

ಇಷ್ಟೇ. ಅಳು ಇಲ್ಲ, ಅಪ್ಪಿಕೊಳ್ಳುವುದೂ ಇಲ್ಲ. ಸಣ್ಣವ್ವ ಕೈ ತೊಳೆದು ಬಂದು ಮೊದಲ ಕತ್ತರಿ ಹಾಕಿದಳು. ಉಣ್ಣೆಯ ಗೊಂಚಲು ಬೀಳುತ್ತಿದ್ದಂತೆ ಇಬ್ಬರೂ ಒಟ್ಟಿಗೇ ಬೈಯಲು ಶುರುಮಾಡಿದರು. ಒಬ್ಬಳು ಕತ್ತರಿ ಮೊಂಡ ಎಂದು, ಇನ್ನೊಬ್ಬಳು ಹಿಡಿಯಲು ಬರುವುದಿಲ್ಲ ಎಂದು. ಸಾಯಂಕಾಲದ ತನಕ ಅದೇ ನಡೆಯಿತು.

ಫೋಟೋ ನೋಡಿ ಸಣ್ಣವ್ವ ಬಂದಳು ಎಂದು ಬರೆದುಬಿಟ್ಟರೆ ಕಥೆಯೂ ಕೂಡುತ್ತದೆ, ಲೆನ್ಸಿಗೂ ಕೀರ್ತಿ. ಇದನ್ನು ಬರೆಯುತ್ತೇನೆಂದು ಸಣ್ಣವ್ವನಿಗೆ ಹೇಳಿದಾಗ, "ಫೋಟೋ ನೋಡಿ ಬಂದ್ಳಂತ ಬರೀಬ್ಯಾಡ. ಈ ಸಲ ನಾ ಹ್ಯಾಂಗೂ ಬರಾಕಿ ಇದ್ದೆ" ಎಂದಳು. ದೊಡ್ಡವ್ವನ ಪ್ರಕಾರ ಅವಳು ಬಂದದ್ದು ಹೋಳಿಗೆಗೆ. ಎರಡನ್ನೂ ಇಲ್ಲಿ ಇಟ್ಟಿದ್ದೇನೆ. ಆ ಕುರಿಯನ್ನು ಕರೆದೆಯೋ ನೂಕಿದೆಯೋ ಎಂದು ದೊಡ್ಡವ್ವನನ್ನು ಕೇಳಿದ್ದೂ ಉಂಟು. "ಕುರಿ ಬರ್ತಾವ, ಹೋಗ್ತಾವ" ಎಂದಳು.

ಉಣ್ಣೆಯ ಕೆಲಸ ಮುಗಿದ ಮೇಲೆ, ಬೆಳಕು ಇನ್ನೂ ಇದ್ದಾಗ, ಸಣ್ಣವ್ವನೇ ಕೇಳಿದಳು: "ನಮ್ಮಿಬ್ಬರದು ಒಂದು ತೆಗಿ. ಆ ಖರಾಬ್ ಲೆನ್ಸಿಲೇ ತೆಗಿ."

ದೊಡ್ಡವ್ವ ಕಟ್ಟೆಯ ಮುಂದೆ ಬಂದು ಕೂತಳು. ಸಣ್ಣವ್ವ ಅವಳ ಹಿಂದೆ ನಿಂತಳು.

"ಹಂಗಾದ್ರ ಒಬ್ಬರ ಮಾರಿ ಮಾತ್ರ ಸಾಫ್ ಬರ್ತದ," ಎಂದೆ. "ಹಿಂದ ಮುಂದ ಇದ್ರ ಇದಕ ಆಗೂದಿಲ್ಲ."

"ನಂದೇ ಬರ್ಬೇಕು," ಎಂದಳು ದೊಡ್ಡವ್ವ. "ಹೋದ ಸಲ ನನ್ನ ಸಾಯಿಸ್ಯಾದ ಅದು."

"ನಿಂದು ನಿನ್ನ ಗ್ವಾಡಿಗಿ. ನನ್ನ ಗ್ವಾಡಿಗಿ ನಂದು ಬ್ಯಾಡೇನು?"

"ನೀ ಮುಂದ ಬಾ ಹಂಗಾದ್ರ, ನಾ ಹಿಂದ ಹೋಗ್ತೀನಿ."

"ದೊಡ್ಡಾಕಿ ಹಿಂದ ಕುಂಡ್ರತಾಳೇನು? ಮಂದಿ ಏನಂದಾರು?"

ಒಬ್ಬಳು ಮುಂದೆ ಸರಿದಳು, ಇನ್ನೊಬ್ಬಳು ಹಿಂದೆ, ಮತ್ತೆ ತಿರುಗಮುರುಗ. ಅವ್ವ ನೋಡಿ ನೋಡಿ ಸಾಕಾಗಿ ಬಂದು, ಇಬ್ಬರನ್ನೂ ಭುಜ ಹಿಡಿದು ಕಟ್ಟೆಯ ಮೇಲೆ ಒತ್ತಿ ಕೂರಿಸಿ, ಅಲ್ಲಿ ಹಾಸಿದ್ದ ಕಂಬಳಿಯ ಗೆರೆಗೆ ಸರಿಯಾಗಿ ಮೊಣಕಾಲು ಹೊಂದಿಸಿ ಹೋದಳು. ಭುಜಕ್ಕೆ ಭುಜ ತಾಗಿತ್ತು. ಇಬ್ಬರೂ ನೆಟ್ಟಗೆ ನೋಡುತ್ತಿದ್ದರು, ಒಬ್ಬರನ್ನೊಬ್ಬರು ಬಿಟ್ಟು.

ನಾನು ಕಿಂಡಿಗೆ ಕಣ್ಣಿಟ್ಟೆ. ಹಳದಿ ಚುಕ್ಕೆಯನ್ನು ದೊಡ್ಡವ್ವನ ಮೂಗುತಿಯ ಮೇಲೆ ತಂದು, ಉಂಗುರ ತಿರುಗಿಸಿ, ಎರಡು ಮೂಗುತಿಗಳನ್ನು ಒಂದು ಮಾಡಿದೆ. ಆಮೇಲೆ ಚುಕ್ಕೆಯನ್ನು ಮೆಲ್ಲಗೆ ಸಣ್ಣವ್ವನ ಮೂಗುತಿಯ ಕಡೆ ಸರಿಸಿದೆ. ಅಲ್ಲಿ ಆಗಲೇ ಒಂದೇ ಇತ್ತು. ಉಂಗುರ ತಿರುಗಿಸಬೇಕಾಗಲಿಲ್ಲ.

ಉಸಿರು ಹಿಡಿದು ಒಂದು ಗೇಣು ಹಿಂದಕ್ಕೆ ವಾಲಿದೆ.

"ಏ ಮಗಾ," ಎಂದಳು ದೊಡ್ಡವ್ವ ತುಟಿ ಅಲುಗಿಸದೆ, "ಮುಚ್ಚಳ ತೆಗದೀದಿಲ್ಲೋ?"